ಡೆನ್ಮಾರ್ಕಿನ ರೋಡ್‌ಗ್ರೋಡ್ ಲೋಳೆಯಾಗೋದು ಯಾಕೆ?

ಪ್ರಶ್ನೆ:
ರೋಡ್‌ಗ್ರೋಡ್ ಅಂದರೆ ಕೆಂಪು ಹಣ್ಣು ಬೇಯಿಸಿ, ಪಿಷ್ಟದಿಂದ ಗಟ್ಟಿ ಮಾಡಿ, ಕ್ರೀಮ್ ಸುರಿದು ತಿನ್ನೋ ಸಿಹಿ. ನಾನು ಹಾಕಿದ್ದು: ಅರ್ಧ ಕೆಜಿ ಸ್ಟ್ರಾಬೆರಿ-ರಾಸ್ಪ್‌ಬೆರಿ, 100 ಗ್ರಾಂ ಸಕ್ಕರೆ, 200 ಮಿಲಿ ನೀರು, ಎರಡು ದೊಡ್ಡ ಚಮಚ ಆಲೂಗಡ್ಡೆ ಪಿಷ್ಟ. ಎಲ್ಲಾ ಸೇರಿಸಿ ಚೆನ್ನಾಗಿ ಕುದಿಸಿದರೆ ಚಮಚ ಎತ್ತಿದಾಗ ಎಳೆ ಎಳೆ ಬರುತ್ತೆ. ಆರಿದ ಮೇಲೆ ಪೊರೆ ಬೇರೆ. ತಪ್ಪೆಲ್ಲಿ?

ಉತ್ತರ 1:
ಅಳತೆ ಸರಿಯಿದೆ, ಪಿಷ್ಟ ಹಾಕಿ ಕುದಿಸಿದ್ದೇ ತಪ್ಪು. ಹಣ್ಣು, ಸಕ್ಕರೆ, ನೀರು ಮಾತ್ರ ಸಣ್ಣ ಉರಿಯಲ್ಲಿ 5-8 ನಿಮಿಷ ಬೇಯಲಿ. ಪಾತ್ರೆ ಇಳಿಸಿ. ಪಿಷ್ಟವನ್ನು ಕಾಲು ಲೋಟ ತಣ್ಣೀರಲ್ಲಿ ಕದಡಿ, ಸಣ್ಣ ಧಾರೆಯಾಗಿ ಬಿಡುತ್ತಾ ಕೈಯಾಡಿಸಿ. ಮತ್ತೆ ಒಲೆಗಿಟ್ಟು ಮೊದಲ ಗುಳ್ಳೆ 'ಪುಳಕ್' ಅಂದ ಕೂಡಲೇ ಆರಿಸಿ. ಆಲೂ ಪಿಷ್ಟದ ಕಣಗಳು ಉಬ್ಬಿದ ಮೇಲೂ ಕುದಿಸಿ ತಿರುವಿದರೆ ಒಡೆದು ಲೋಳೆಯಾಗುತ್ತವೆ. ಪೊರೆಗೆ ಮದ್ದು: ಬಿಸಿಯಿರುವಾಗಲೇ ಮೇಲೆ ಒಂದು ಚಮಚ ಸಕ್ಕರೆ ಉದುರಿಸಿ.

ಉತ್ತರ 2:
ಕಾರ್ನ್‌ಫ್ಲೋರ್ ಹಾಕೋರಿಗೆ ಇದು ಉಲ್ಟಾ. ಅದು ಒಂದೆರಡು ನಿಮಿಷ ಕುದಿಯದಿದ್ದರೆ ಹಸಿ ಹಿಟ್ಟಿನ ವಾಸನೆ ಹೋಗಲ್ಲ. ಬಣ್ಣವೂ ಮಬ್ಬಾಗುತ್ತೆ, ಆ ಗಾಜಿನಂಥ ಕೆಂಪು ಸಿಗಲ್ಲ. ಇನ್ನೊಂದು, ರೋಡ್‌ಗ್ರೋಡ್‌ನ ಜೀವ ಕೆಂಪು ಕರಂಟ್ ಅನ್ನೋ ಪುಟ್ಟ ಹಣ್ಣಿನ ಹುಳಿ. ಅದಿಲ್ಲದಿದ್ದರೆ ನಿಂಬೆರಸ, ಆದರೆ ಒಲೆ ಆರಿಸಿದ ಮೇಲೆ. ಹುಳಿ ಜೊತೆ ಕುದಿದ ಪಿಷ್ಟ ನೀರಾಗುತ್ತೆ.

ಉತ್ತರ 3:
ಕ್ರೀಮ್ ಕಡೆಯಬೇಡಿ. ಫ್ರಿಜ್ಜಿನಿಂದ ತೆಗೆದು ಹಾಗೇ ಸುರಿಯಿರಿ, ಕೆಂಪಿನ ಮೇಲೆ ಬಿಳಿ ತಾನಾಗಿ ಹರಡಲಿ. 'ರೋಡ್‌ಗ್ರೋಡ್ ಮೆಡ್ ಫ್ಲೋಡೆ' ಅಂದರೆ ಕ್ರೀಮ್ ಜೊತೆಗಿನ ಕೆಂಪು ಗಂಜಿ. ಪರದೇಶದವರ ನಾಲಿಗೆ ಪರೀಕ್ಷೆಗೆ ಡೇನರು ಹೇಳಿಸೋದು ಇದನ್ನೇ. ನಾವು ಬರೆದಿರೋ 'ಡ'ಕಾರವಂತೂ ಅವರ ಬಾಯಲ್ಲಿ ಕೇಳಿಸೋದೇ ಇಲ್ಲ!