ಅಪ್‌ಡೇಟ್: ಎಲ್ಲಾ ಗೊತ್ತಿದ್ದೂ ಮಾಡೋಕಾಗ್ತಿಲ್ಲ ಅಂದಿದ್ದೆನಲ್ಲ, ಈಗ ಶುರುವಾಗಿದೆ

ಮೂರು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ: ವ್ಯಾಯಾಮದ ಬಗ್ಗೆ ಓದಿದ್ದು, ನೋಟ್ಸ್ ಮಾಡ್ಕೊಂಡಿದ್ದು ಬೇಕಾದಷ್ಟಿದೆ, ಮೈ ಬಗ್ಗಿಸೋದು ಮಾತ್ರ ಆಗ್ತಿಲ್ಲ, ಏನು ಮಾಡಲಿ ಅಂತ.

ಮನಸ್ಸಿಗೆ ನಾಟಿದ್ದು ಒಂದೇ ಉತ್ತರ. 'ನಾಳೆಯಿಂದ ಮಾಡ್ತೀನಿ' ಅನ್ನೋದು ಬಿಟ್ಟು, 'ಇಂಥದ್ದು ಆದ ಕೂಡಲೇ ಇಂಥದ್ದು ಮಾಡ್ತೀನಿ' ಅಂತ ಬರೆದಿಡಿ ಅಂದಿದ್ರಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಲ್ಲೇ ಅಧ್ಯಯನ ಮಾಡಿದ ವಿಧಾನ ಇದು. ಯಾವಾಗ, ಎಲ್ಲಿ ಅನ್ನೋದು ಮೊದಲೇ ತೀರ್ಮಾನವಾಗಿದ್ರೆ ಆ ಹೊತ್ತಿಗೆ ಮನಸ್ಸು ಚೌಕಾಸಿಗೆ ಇಳಿಯಲ್ಲ. ನಾನು ಬರೆದಿದ್ದು: 'ಹಲ್ಲುಜ್ಜಿ ಬ್ರಷ್ ಇಟ್ಟ ಕೂಡಲೇ 5 ಬಸ್ಕಿ.' ಐದೇ ಐದು. ಚೀಟಿಯನ್ನ ಕನ್ನಡಿಗೆ ಅಂಟಿಸಿದ್ದೆ. ನೀರು ಸಿಡಿದು ಸಿಡಿದು ಶಾಯಿ ಕದಡಿಹೋಗಿದೆ, ಈಗ ಅಕ್ಷರ ಕಾಣಲ್ಲ. ಆದ್ರೂ ಬ್ರಷ್ ಇಟ್ಟ ತಕ್ಷಣ ಮಂಡಿ ತಾನಾಗೇ ಬಗ್ಗುತ್ತೆ! ಐದು ಇಪ್ಪತ್ತಾಗಿದೆ, ಬೆನ್ನು ಹಿಡ್ಕೊಳ್ಳೋದು ಕಡಿಮೆಯಾಗಿದೆ.

ಎರಡನೇ ವಾರ ಒಂದು ದಿನ ತಪ್ಪಿತು. ಮೊದಲಾಗಿದ್ರೆ ಅಲ್ಲಿಗೇ ಕೈಬಿಡ್ತಿದ್ದೆ. ಲಂಡನ್‌ನಲ್ಲಿ ಫಿಲಿಪಾ ಲ್ಯಾಲಿ ತಂಡ ನಡೆಸಿದ ಅಧ್ಯಯನ ನೆನಪಾಯ್ತು: ಅಭ್ಯಾಸ ಬೇರೂರೋಕೆ ಬೇಕಾದ ಸಮಯ ಒಬ್ಬೊಬ್ಬರಿಗೆ ಒಂದೊಂದು, 18ರಿಂದ 254 ದಿನದವರೆಗೆ; ನಡುವೆ ಒಂದು ದಿನ ತಪ್ಪಿದ್ರೆ ಅಂಥಾ ನಷ್ಟವೇನಿಲ್ಲ. ಮಾರನೇ ದಿನ ಮತ್ತೆ ನಿಂತೆ. ಇಷ್ಟು ವರ್ಷ ಓದಿದ್ದರಲ್ಲಿ ಒಂದಾದ್ರೂ ಸರಿಯಾದ ಹೊತ್ತಿಗೆ ಒದಗಿಬಂತಲ್ಲ ಅಂತ ನಿಜಕ್ಕೂ ಖುಷಿಯಾಯ್ತು.

ರಾತ್ರಿ ಬೇಗ ಮಲಗೋದು ಇನ್ನೂ ಸಾಧ್ಯವಾಗಿಲ್ಲ. ಅದಕ್ಕೂ ಒಂದು ಚೀಟಿ ಬರೆದಿದ್ದೀನಿ, ನಿನ್ನೆ ತಾನೇ. ಅವತ್ತು ತಾಳ್ಮೆಯಿಂದ ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.