ಸೆಲ್ಟಿಕ್ಸ್‌ಗೆ ಈ ಸಲವಾದರೂ ಕಪ್ ಸಿಗುತ್ತಾ?

ಪ್ರಶ್ನೆ: 2024ರ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಪ್ಲೇಆಫ್, ಅಂದರೆ ಲೀಗ್ ಹಂತದ ನಂತರದ ನಾಕೌಟ್ ಸುತ್ತು, ಶುರುವಾಗುತ್ತಿದೆ. ಬಾಸ್ಟನ್ ಸೆಲ್ಟಿಕ್ಸ್ 82ರಲ್ಲಿ 64 ಪಂದ್ಯ ಗೆದ್ದಿದೆ, ಆದರೂ ನನಗೆ ಎದೆ ಢವಢವ. ಮೊದಲ ಸುತ್ತಿನಲ್ಲೇ ಮತ್ತೆ ಮಿಯಾಮಿ ಹೀಟ್! ಹೋದ ವರ್ಷ ಅವರ ವಿರುದ್ಧದ ಏಳು ಪಂದ್ಯಗಳ ಸರಣಿಯಲ್ಲಿ 0-3ರಿಂದ ಎದ್ದು 3-3 ಮಾಡಿ, ಏಳನೇ ಪಂದ್ಯವನ್ನು ನಮ್ಮ ಊರಲ್ಲೇ ಸೋತದ್ದು ಇನ್ನೂ ಮರೆತಿಲ್ಲ. ನಿಮಗೆ ಏನನಿಸುತ್ತದೆ?

ಉತ್ತರ 1: ಆ ಪಂದ್ಯದ ಶುರುವಿನಲ್ಲೇ ಸೆಲ್ಟಿಕ್ಸ್ ಸ್ಟಾರ್ ಟೇಟಮ್ ಕಾಲು ಉಳುಕಿತ್ತು, ಅಲ್ವಾ? ಈಗ ತಂಡಕ್ಕೆ ಪೊರ್ಜಿಂಗಿಸ್, ಹಾಲಿಡೇ ಇಬ್ಬರೂ ಬಂದಿದ್ದಾರೆ, ಆ ಕಡೆ ಮಿಯಾಮಿಯ ಸ್ಟಾರ್ ಬಟ್ಲರ್ ಮೊಣಕಾಲಿಗೆ ಪೆಟ್ಟಾಗಿ ಹೊರಗಿದ್ದಾರೆ. ಸುಮ್ನೆ ಹೆದರುತ್ತಿದ್ದೀರಿ.

ಉತ್ತರ 2: ಬಟ್ಲರ್ ಇಲ್ಲದಿದ್ದರೂ ಮಿಯಾಮಿ ಕೋಚ್ ಸ್ಪೋಯೆಲ್‌ಸ್ಟ್ರಾ ಇದ್ದಾರಲ್ಲ! ಅವರ ಜೋನ್ ಡಿಫೆನ್ಸ್ (ಒಬ್ಬೊಬ್ಬ ಎದುರಾಳಿಯ ಬದಲು ಅಂಕಣದ ಒಂದೊಂದು ಭಾಗ ಕಾಯುವ ತಂತ್ರ) ಎದುರು ನಮ್ಮವರು ಚೆಂಡು ಬುಟ್ಟಿಗೆ ಬಿದ್ದರೂ ಬೀಳದಿದ್ದರೂ ಬರೀ ತ್ರೀ ಪಾಯಿಂಟರ್ (ದೂರದಿಂದ ಎಸೆಯುವ ಮೂರು ಅಂಕದ ಎಸೆತ) ಎಸೆಯುತ್ತಾರೆ, ನನಗೆ ಅದೇ ಜಾಸ್ತಿ ಭಯ.

ಪ್ರಶ್ನೆ ಕೇಳಿದವರು: ನನ್ನ ಚಿಂತೆಯೂ ಅದೇ. 2008ರ ನಂತರ ಕಪ್ ಬಂದಿಲ್ಲ, 18ನೆಯದು ಈ ಸಲ ಬರಲೇಬೇಕು.