ಸಹಾಯ ಬೇಕು: ಮೊಳಕಾಲ್ಮೂರು ಕಡೆ ಅಂಗನವಾಡಿನಾ, ಸರ್ಕಾರಿ ಎಲ್‌ಕೆಜಿನಾ?

ಎಲ್ಲರಿಗೂ ನಮಸ್ಕಾರ, ಜೂನ್‌ಗೆ ದಾವಣಗೆರೆ ಬಿಟ್ಟು ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರಿಗೆ ಬರ್ತಿದೀವಿ, ಮಗಳಿಗೆ ಆಗ ನಾಲ್ಕು ತುಂಬಿರುತ್ತೆ. ಊರಲ್ಲಿ ಅಂಗನವಾಡಿ ಐತೆ, 3ರಿಂದ 6 ವರ್ಷದವರೆಗೂ ಅಲ್ಲೇ ಕಳಿಸಬಹುದು, ಊಟನೂ ಕೊಡ್ತಾರೆ, ಆದ್ರೆ ಕರ್ನಾಟಕ ಪಬ್ಲಿಕ್ ಸ್ಕೂಲ್‌ಗಳಲ್ಲಿ ಎಲ್‌ಕೆಜಿ ಯುಕೆಜಿನೂ ಮಾಡಿದಾರಲ್ಲ, ಹತ್ತಿರದಲ್ಲಿ ಎಲ್ಲಿ ಸೀಟು ಸಿಗುತ್ತೆ, ಕ್ಲಾಸಿಗೆ ಎಷ್ಟು ಮಕ್ಕಳು, ಹೋಗಿಬರೋಕೆ ಏನು ಮಾಡ್ತೀರಾ?

ಇನ್ನೊಂದು, ಆಂಧ್ರ ಗಡಿ ಅಲ್ವಾ, ಎಷ್ಟೋ ಮನೇಲಿ ತೆಲುಗೇ ಮಾತಾಡ್ತಾರೆ, ನಮ್ಮ ಪಾಪುಗೆ ಕನ್ನಡ ಬಿಟ್ರೆ ಬರಲ್ಲ, ಬೇಗ ಹೊಂದ್ಕೊಳ್ತಾವಾ ಮಕ್ಕಳು? ಎಲ್ಲಾ ಕೇರಿ, ಎಲ್ಲಾ ಜಾತಿ ಮಕ್ಕಳು ಒಟ್ಟಿಗೆ ಕೂತು ಕಲಿಯೋ ಕಡೆನೇ ಸೇರಿಸ್ಬೇಕು ಅಂತ ನನಗೆ ತುಂಬಾ ಆಸೆ, ಕಾನ್ವೆಂಟ್ ವ್ಯಾನ್ ಬರೋಕೆ ಶುರುವಾದ್ಮೇಲೆ ಅಂಗನವಾಡೀಲಿ ಕೂಲಿಗೆ ಹೋಗೋರ ಮಕ್ಕಳಷ್ಟೇ ಉಳಿದಾವೆ ಅಂತ ಅತ್ತೆ ಹೇಳಿದ್ದು ಕೇಳಿ ಬೇಜಾರಾಯ್ತು.

ಆ ಕಡೆ ಮಕ್ಕಳನ್ನ ಕಳಿಸ್ತಿರೋ ಅಕ್ಕಂದಿರು, ಅಂಗನವಾಡಿ ಟೀಚರ್‌ಗಳು ಇದ್ರೆ ದಯವಿಟ್ಟು ತಿಳಿಸಿ.